ಗಂಜಿ ಹಾಕಿದ ಕುಲಾವಿ

ಗಂಗರತ್ನಮ್ಮ ಉಲ್ಲನ್ ಹೆಣಿಗೆ ಕಲಿತ ಮೇಲೆ ಆ ಮನೆಯಲ್ಲಿ ಸಾರು ತಳ ಹಿಡಿಯುವುದು ಜಾಸ್ತಿಯಾಯಿತು. ಒಲೆಯ ಮೇಲೆ ಹುರುಳಿಕಾಳು ಕುದಿಯುತ್ತಿದ್ದರೆ ಇವಳು ಬಾಗಿಲ ಬೆಳಕಿಗೆ ಕೂತು ಕಡ್ಡಿ ಆಡಿಸುತ್ತಿದ್ದಳು. ಕುಣಿಕೆ ಎಣಿಸುವ ಹೊತ್ತಿನಲ್ಲಿ ದೇವರೇ ಬಂದು ಕರೆದರೂ ಓಗೊಡುವವಳಲ್ಲ, ಇನ್ನು ಸಾರಿನ ಮಾತೇನು?

"ಸೀದ ವಾಸ್ನೆ ಬತ್ತಾ ಅದೆ ತಾಯಿ," ಎಂದು ಜಗಲಿಯಿಂದ ಮಾವ ಬಚ್ಚಪ್ಪ ಕೂಗುತ್ತಿದ್ದ.

"ನೀವೇ ಒಸಿ ಇಳಿಸ್ಬುಡಿ ಮಾವ. ನಲವತ್ತೆರಡಕ್ಕೆ ಬಂದಿದೀನಿ, ತಪ್ಪಿದ್ರೆ ಮತ್ತೆ ಮೊದ್ಲಿಂದ ಎಣಿಸ್ಬೇಕು."

ಮುದುಕ ಮಂಡಿ ಹಿಡಿದುಕೊಂಡು ಎದ್ದು ಬಂದು ಮಡಕೆ ಇಳಿಸುತ್ತಿದ್ದ. ಕ್ಯಾಸಂಬಳ್ಳಿ ಕಡೆಯ ಅವರ ಊರಿನಲ್ಲಿ ಸೊಸೆ ಮಾವನಿಗೆ ಒಲೆ ಮುಂದಿನ ಕೆಲಸ ಹೇಳಿದ್ದರೆ ನಾಲ್ಕು ಜನ ಸೇರಿ ನ್ಯಾಯ ಮಾಡುತ್ತಿದ್ದರು. ಇದು ಆಂಡರ್ಸನ್‌ಪೇಟೆ, ಚಿನ್ನದ ಗಣಿಯ ಊರು. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು. ಯಾರಿಗೂ ಯಾರ ಒಲೆಯ ಚಿಂತೆಯೂ ಇರಲಿಲ್ಲ.

ಬಚ್ಚಪ್ಪ ನಲವತ್ತು ವರ್ಷ ಕುರಿ ಕಾಯ್ದವನು. ಕುರಿಯ ಹಿಂದೆ ನಡೆಯುತ್ತಲೇ ಉಣ್ಣೆ ನೂಲುತ್ತಿದ್ದ, ಮಳೆಗಾಲದಲ್ಲಿ ಕೂತು ಕಂಬಳಿ ನೇಯುತ್ತಿದ್ದ. ಹೆಂಡತಿ ತೀರಿಕೊಂಡು, ಮಂಡಿಗಳೂ ಕೈಕೊಟ್ಟ ಮೇಲೆ ಮಗ ಬಂದು ಕುರಿಗಳನ್ನು ಮಾರಿಸಿ ಇಲ್ಲಿಗೆ ಕರೆತಂದಿದ್ದ. ಅದಾಗಿ ಎರಡು ವರ್ಷ. ಮಗ ರಾಮಚಂದ್ರಪ್ಪ ಚಾಂಪಿಯನ್ ರೀಫ್ಸಿನ ಗಣಿ ಉಗ್ರಾಣದಲ್ಲಿ ಗುಮಾಸ್ತೆ. ಕೋಟು ತೊಟ್ಟು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಹೋಗುತ್ತಿದ್ದ. ಮುದುಕನ ಹೆಗಲಿಂದ ಮಾತ್ರ ಕರಿಕಂಬಳಿ ಇಳಿದಿರಲಿಲ್ಲ.

ಗಂಗರತ್ನಮ್ಮನಿಗೆ ಹೆಣಿಗೆ ಕಲಿಸಿದವಳು ಉಗ್ರಾಣದ ಹೆಡ್ ಗುಮಾಸ್ತೆಯ ಹೆಂಡತಿ ಅನಸೂಯಮ್ಮ. ಅವಳು ಮಿಷನ್ ಶಾಲೆಯಲ್ಲಿ ಓದಿದವಳು. ಮಂಗಳವಾರ ಮಧ್ಯಾಹ್ನ ಅವಳ ಮನೆಯಲ್ಲಿ ನಾಲ್ಕೈದು ಗುಮಾಸ್ತೆಗಳ ಹೆಂಡತಿಯರು ಸೇರಿ ಕಾಫಿ ಕುಡಿಯುತ್ತ ಹೆಣೆಯುತ್ತಿದ್ದರು. ಗಂಡನಿಗೆ ಮಫ್ಲರು, ತಮ್ಮನಿಗೆ ಕಾಲುಚೀಲ, ಹುಟ್ಟಿದ ಮಗುವಿಗೆ ಕುಲಾವಿ ಹೀಗೆ. ಗಂಗರತ್ನಮ್ಮ ಮೊದಮೊದಲು ಚಾಪೆಯ ಅಂಚಿಗೆ ಕೂರುತ್ತಿದ್ದಳು. ಕೈ ಚುರುಕಾದಂತೆ ಚಾಪೆಯ ಮಧ್ಯಕ್ಕೆ ಬಂದಳು. ಒಂದು ದಿನ ಯಾರೋ ಕೇಳಿದರು, "ನಿಮ್ಮ ಮಾವನವರು ಏನು ಮಾಡ್ತಾರೆ?"

"ಊರಲ್ಲಿ ಜಮೀನಿದೆ," ಎಂದಳು.

ಸುಳ್ಳೇನಲ್ಲ. ಕಲ್ಲುಗುಡ್ಡದ ಮಗ್ಗುಲಲ್ಲಿ ಒಂದೂವರೆ ಎಕರೆ ಇತ್ತು. ಎಷ್ಟು ಎಕರೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಕುರಿಯ ಮಾತಂತೂ ಬಾಯಿಗೇ ಬರಲಿಲ್ಲ. ಆಮೇಲೆ ಆ ಹೆಂಗಸರು ಇವಳ ಮಾವನನ್ನು 'ಜಮೀನುದಾರರು' ಎನ್ನತೊಡಗಿದರು. ಇವಳು ತಲೆ ತಗ್ಗಿಸಿ ಕುಣಿಕೆ ಎಣಿಸಿದಳು.

ಅನಸೂಯಮ್ಮ ಹೆರಿಗೆಗೆಂದು ಬಂಗಾರಪೇಟೆಯ ತವರಿಗೆ ಹೋದಳು. ಗಂಡುಮಗುವಾಯಿತು. ನಾಮಕರಣಕ್ಕೆ ಬರಲೇಬೇಕು ಎಂದು ಗಂಗರತ್ನಮ್ಮನಿಗೆ ಪ್ರತ್ಯೇಕವಾಗಿ ಕಾಗದ ಬಂತು. ಕಾಗದವನ್ನು ಅವಳು ಮೂರು ಸಲ ಓದಿದಳು, ಗಂಡನ ಕೈಯಲ್ಲಿ ಒಂದು ಸಲ ಓದಿಸಿದಳು.

"ಬೆಳ್ಳಿ ಬಟ್ಲು ಕೊಡೋ ಜನ ಅವ್ರು," ಎಂದ ರಾಮಚಂದ್ರಪ್ಪ, ಮುದ್ದೆ ಮುರಿಯುತ್ತ. "ನಾವೇನು ಕೊಡೋದು?"

"ನಾನೇ ಎಣೀತೀನಿ. ಸ್ವೆಟ್ರು, ಕುಲಾವಿ, ಕಾಲ್ಚೀಲ, ಮೂರೂ ಒಂದೇ ಬಣ್ಣ. ಬೆಳ್ಳಿ ಯಾರು ಬೇಕಾದ್ರೂ ಕೊಡ್ತಾರೆ. ಇದುನ್ನ ನಾನೇ ಮಾಡ್ಬೇಕು."

"ಸರಿ, ಇನ್ನು ಮೂರು ವಾರ ಸೀದ ಸಾರು ಅನ್ನು," ಎಂದು ಗಂಡ ನಕ್ಕ.

ಕೆನೆಬಣ್ಣದ ಇಂಗ್ಲೆಂಡಿನ ಉಲ್ಲನ್ ಬಂತು. ಲಡಿ ಬಿಡಿಸಿ ಉಂಡೆ ಸುತ್ತುವ ಕೆಲಸ ಬಚ್ಚಪ್ಪನದು. ಅವನ ಕೈಗೆ ದಾರ ಸಿಕ್ಕರೆ ಸಿಕ್ಕುಗಳು ತಾವೇ ಬಿಟ್ಟುಕೊಳ್ಳುತ್ತಿದ್ದವು. ಎರಡು ವರ್ಷದಿಂದ ಜಗಲಿಯಲ್ಲಿ ಸುಮ್ಮನೆ ಕೂತವನಿಗೆ ಆ ಮೂರು ವಾರ ಹಬ್ಬವಾಯಿತು.

"ಇದೂ ಕುರಿ ಉಣ್ಣೇನಾ ತಾಯಿ?" ಎಂದು ದಾರವನ್ನು ಕೆನ್ನೆಗೆ ಒತ್ತಿ ಕೇಳಿದ.

"ಊಂ ಮಾವ. ಇಂಗ್ಲೆಂಡಿನ ಕುರಿ."

"ಅಂಗಾರೆ ಆ ಕುರೀಗೆ ನಮ್ ಬಿಸ್ಲು ತಗ್ಲಿಲ್ಲ ಬುಡು. ಬೆಣ್ಣೆ ಇದ್ದಂಗದೆ." ಸ್ವೆಟರು ಅರ್ಧವಾದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. "ಬೋ ಚಂದಾಗದೆ. ಆದ್ರೆ ತೂತು ಜಾಸ್ತಿ. ಮಾಗಿ ಚಳೀಲಿ ಕೂಸಿಗೆ ಗಾಳಿ ನುಗ್ತದೆ."

"ಅದು ತೂತಲ್ಲ ಮಾವ, ಡಿಸೈನು!"

ಇಬ್ಬರೂ ನಕ್ಕರು. ಮಾವ ಸೊಸೆ ಹಾಗೆ ಕೂತು ನಗುವುದನ್ನು ಕಂಡು ರಾಮಚಂದ್ರಪ್ಪನಿಗೆ ಕೊಂಚ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಮೂರೂ ಮುಗಿದವು. ಗಂಗರತ್ನಮ್ಮ ಅವನ್ನು ಮಡಿಸಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಿದಳು. ನಾಮಕರಣದ ಹಿಂದಿನ ದಿನ ಬಳೆ, ಹೂವು, ಹಣ್ಣು ತರಲೆಂದು ಪಕ್ಕದ ಮನೆಯವಳ ಜೊತೆ ಬೆಳಿಗ್ಗೆಯೇ ಪೇಟೆಗೆ ಹೋದವಳು ಬಂದದ್ದು ಹೊತ್ತಿಳಿದ ಮೇಲೆ. ಮನೆಯಲ್ಲಿ ಏನೋ ಹುರಿದ ವಾಸನೆ. ಮುದುಕ ಒಬ್ಬನೇ ಮುಸಿಮುಸಿ ನಗುತ್ತ ಕೂತಿದ್ದ.

"ಏನ್ ಮಾವ, ಏನ್ ಹುರುದ್ರಿ?"

"ಏನಿಲ್ಲ ತಾಯಿ. ಸುಮ್ಕೆ."

ಆ ರಾತ್ರಿ ಊಟದ ಹೊತ್ತಿಗೆ ಗಂಡ ರಜೆ ಸಿಕ್ಕಲಿಲ್ಲವೆಂದು ಹೇಳಿದ. "ಅಪ್ಪ ಬತ್ತಾರೆ ಜೊತೇಗೆ."

ಗಂಗರತ್ನಮ್ಮನ ಕೈಯ ಸೌಟು ನಿಂತಿತು. "ಮಾವಂಗೆ ಮಂಡಿನೋವು..."

"ಒಬ್ಳೇ ರೈಲಲ್ಲಿ ಓಗ್ತೀಯಾ? ಜನ ಏನಂದಾರು?"

ಮಾವ ಹೊರಗೆ ಕೈತೊಳೆಯಲು ಹೋದಾಗ ಅವಳು ಮೆಲ್ಲಗೆ ಅಂದಳು, "ಅಂಗಾದ್ರೆ ಕಂಬ್ಳಿ ಮನೇಲೇ ಬುಟ್ಟು ಬರಕ್ಕೇಳಿ. ಶಲ್ಯ ಒದ್ಕಳ್ಳಿ."

"ನೀನೇ ಯೋಳು. ನಂಗ್ಯಾಕೆ?"

ಅವಳಿಗೂ ಹೇಳುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬಚ್ಚಪ್ಪ ಒಗೆದ ಪಂಚೆ ಉಟ್ಟು, ಕಂಬಳಿಯನ್ನು ಚೆನ್ನಾಗಿ ಕೊಡವಿ ಹೆಗಲಿಗೆ ಹಾಕಿಕೊಂಡು, ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹೊರಟ. ರೈಲಿನಲ್ಲಿ ಕೂತ ಮೇಲೆ ಡಬ್ಬಿಯ ಮೇಲೆ ಬೆರಳಾಡಿಸುತ್ತ, "ಇನ್ನು ಗಾಳಿ ನುಗ್ಗಕ್ಕಿಲ್ಲ ತಾಯಿ, ನಾನ್ ನೋಡ್ಕಂಡಿವ್ನಿ," ಎಂದ. ಕಿಟಕಿಯ ಗಾಳಿಯ ಮಾತೆಂದು ಅವಳು ಹೂಂಗುಟ್ಟಿದಳು. ಅವಳ ಮನಸ್ಸು ಕಂಬಳಿಯ ಮೇಲಿತ್ತು.

ಅನಸೂಯಮ್ಮನ ತವರುಮನೆ ದೊಡ್ಡದು. ಮುಂದೆ ಚಪ್ಪರ, ಹಿತ್ತಿಲಲ್ಲಿ ಎಮ್ಮೆ, ಹಸು, ಐವತ್ತು ಕುರಿಗಳಿದ್ದ ಉದ್ದನೆಯ ಕೊಟ್ಟಿಗೆ. ಬಾಗಿಲಲ್ಲೇ ಗಂಗರತ್ನಮ್ಮ ಮಾವನಿಂದ ಡಬ್ಬಿ ಈಸಿಕೊಂಡು, "ನೀವು ಇಲ್ಲೇ ಚಪ್ಪರದಾಗೆ ಕೂತಿರಿ ಮಾವ," ಎಂದು ಅವಸರದಲ್ಲಿ ಹೇಳಿ ಒಳಗೆ ನುಗ್ಗಿದಳು. ಚಾಂಪಿಯನ್ ರೀಫ್ಸಿನ ಹೆಣಿಗೆಯ ಹೆಂಗಸರೆಲ್ಲ ಆಗಲೇ ನಡುಮನೆಯಲ್ಲಿ ಸೇರಿದ್ದರು. ಇವಳಿಗೂ ಮಧ್ಯದಲ್ಲೇ ಜಾಗ ಮಾಡಿಕೊಟ್ಟರು.

ಹೆಸರಿಟ್ಟಾಯಿತು. ಒಬ್ಬೊಬ್ಬರೇ ಉಡುಗೊರೆ ಕೊಟ್ಟರು. ಬೆಳ್ಳಿ ಬಟ್ಟಲು ಎರಡು ಬಂದವು, ಗಿಲಕಿ ಬಂತು, ಮಖಮಲ್ಲಿನ ಅಂಗಿ ಬಂತು. ಗಂಗರತ್ನಮ್ಮನ ಸರದಿ ಬಂದಾಗ ಅನಸೂಯಮ್ಮನೇ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವಳ ಕೈ ನೋಡಬೇಕು ನೀವು. ಕಲಿಸಿದವಳು ನಾನು, ನನ್ನನ್ನೇ ಮೀರಿಸಿದ್ದಾಳೆ."

ಗಂಗರತ್ನಮ್ಮ ನಾಚಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು.

ಯಾರದೋ ಡಬ್ಬಿ ಬದಲಾಗಿ ಬಂದಿದೆ ಎಂದೇ ಮೊದಲು ಅನ್ನಿಸಿತು. ಕೆನೆಬಣ್ಣ ಹೋಗಿ ಮಾಸಲು ಕಂದು ಬಂದಿತ್ತು. ಸ್ವೆಟರು ಒಣಗಿದ ಹಪ್ಪಳದ ಹಾಗೆ ಸೆಟೆದು, ಎರಡೂ ತೋಳು ಚಾಚಿಕೊಂಡು ಮಲಗಿತ್ತು. ಅನಸೂಯಮ್ಮ ಕುಲಾವಿಯನ್ನು ಎತ್ತಿಕೊಂಡಳು. ಮಗುವಿನ ತಲೆಗೆ ಇಡಲು ನೋಡಿದರೆ ಅದು ಬಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅದನ್ನು ಬೆರಳಿನಿಂದ ತಟ್ಟಿದಳು. ಟಕಟಕ ಎಂದಿತು. ನಡುಮನೆಗೆ ನಡುಮನೆಯೇ ನಕ್ಕಿತು.

"ಇದೇನಮ್ಮಾ, ಮಗೂನ ಯುದ್ಧಕ್ಕೆ ಕಳಿಸ್ತೀರಾ?"

ಅನಸೂಯಮ್ಮನ ಅಜ್ಜಿ ಅದನ್ನು ಈಸಿಕೊಂಡು ಮೂಸಿ ನೋಡಿದಳು. "ಉಣ್ಸೆ ಬೀಜದ ಗಂಜಿ. ಕಂಬ್ಳಿಗೆ ಆಕ್ತಾರಲ್ಲ, ಅದು. ನಿಮ್ಮನೇಲಿ ಕಂಬ್ಳಿ ನೇಯ್ತಾರೇನಮ್ಮ?"

ಗಂಗರತ್ನಮ್ಮನಿಗೆ ಹಿಂದಿನ ದಿನದ ಹುರಿದ ವಾಸನೆ ಏನೆಂದು ಆಗ ತಿಳಿಯಿತು. ಅಷ್ಟರಲ್ಲಿ ಬಾಗಿಲಿನಿಂದ ಖುಷಿಯ ದನಿ ಕೇಳಿಸಿತು.

"ನಾನೇ ಆಕ್ದೋನು ತಾಯಿ! ಬೀಜ ಉರ್ದು, ಅರ್ದು, ಮೂರು ಕೈ ಬಳ್ದಿವ್ನಿ. ಒಂದು ತೊಟ್ಟು ನೀರೂ ಇಳಿಯಾಕಿಲ್ಲ. ಇಪ್ಪತ್ತು ವರ್ಸ ಬಾಳ್ತದೆ."

ಬಚ್ಚಪ್ಪ ಹೊಸ್ತಿಲ ಹೊರಗೆ ನಿಂತು ನಗುತ್ತಿದ್ದ. ಹೆಗಲ ಮೇಲೆ ಕರಿಕಂಬಳಿ. ಎಲ್ಲರೂ ತಿರುಗಿ ಅವನನ್ನು ನೋಡಿದರು, ಆಮೇಲೆ ಇವಳನ್ನು ನೋಡಿದರು.

"ಯಾರಿವನು?" ಎಂದಳು ಅನಸೂಯಮ್ಮ.

"ನಮ್ಮನೆ ಆಳು," ಎಂದಳು ಗಂಗರತ್ನಮ್ಮ. "ಊರಲ್ಲಿ ಕುರಿ ಕಾಯೋನು. ಬುದ್ಧಿ ಕಮ್ಮಿ. ನಾನಿಲ್ಲದಾಗ ಹಾಳು ಮಾಡಿಬಿಟ್ಟಿದ್ದಾನೆ."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. ಮುದುಕನ ಮುಖದ ಮೇಲೆ ನಗು ಇನ್ನೂ ಹಾಗೇ ಇತ್ತು. ಏನು ಮಾಡಬೇಕೆಂದು ತಿಳಿಯದೆ ನಿಂತ ನಗು. ಅವನು ಒಂದು ಗಳಿಗೆ ಸೊಸೆಯನ್ನು ನೋಡಿದ. ಆಮೇಲೆ ಕಂಬಳಿಯನ್ನು ಹೆಗಲಿಂದ ಕಂಕುಳಿಗೆ ಇಳಿಸಿ, ಬಗ್ಗಿ ಕೈಮುಗಿದ.

"ತಪ್ಪಾಯ್ತು ಅಮ್ಮಾವ್ರೇ."

ಊಟದ ಹೊತ್ತಿಗೆ ಅವನಿಗೆ ಕೊಟ್ಟಿಗೆಯ ಬಳಿ, ಮನೆಯ ಆಳುಗಳ ಜೊತೆ ಎಲೆ ಹಾಕಿದರು. ಗಂಗರತ್ನಮ್ಮ ಕೈತೊಳೆಯಲು ಹಿತ್ತಿಲಿಗೆ ಬಂದಾಗ ಅವನು ತನ್ನ ಎಂಜಲೆಲೆ ತಾನೇ ಎತ್ತಿ, ಸಗಣಿ ಹಾಕಿ ನೆಲ ಸಾರಿಸುತ್ತಿದ್ದ. ಅವಳನ್ನು ನೋಡಿದವನು ಬೇಕೆಂದೇ ಮುಖ ತಿರುಗಿಸಿಕೊಂಡ, ಅವಳಿಗೆ ಮಾತಾಡುವ ಕಷ್ಟ ಬರದಿರಲಿ ಎನ್ನುವವನಂತೆ. ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಅವಳು ಕೈತೊಳೆದುಕೊಂಡು ಒಳಗೆ ಹೋಗಿ ತಾಂಬೂಲ ತೆಗೆದುಕೊಂಡಳು. ಅದನ್ನೂ ಹೇಳಬೇಕು.

ವಾಪಸು ರೈಲಿನಲ್ಲಿ ಚಾಂಪಿಯನ್ನಿನ ಹೆಂಗಸರೂ ಅದೇ ಬೋಗಿಗೆ ಹತ್ತಿದರು. ಬಚ್ಚಪ್ಪ ಬೆಂಚಿನ ಮೇಲೆ ಜಾಗವಿದ್ದರೂ ಕೆಳಗೆ, ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅವನ ಮಂಡಿ ನೋಯುತ್ತಿದ್ದುದು ಅವಳಿಗೆ ಗೊತ್ತು. ಸ್ಟೇಷನ್ ಬಂದಾಗ ಅವನೇ ಎದ್ದು, "ನಿಧಾನುಕ್ಕೆ ಇಳೀರಿ ಅಮ್ಮಾವ್ರೇ," ಎಂದು ಹಣ್ಣಿನ ಗಂಟು ಹೊತ್ತುಕೊಂಡ. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಹಿಂದೆಯೇ ನಡೆದ. ಹೆಂಗಸರು ಅವರವರ ದಾರಿ ಹಿಡಿದು, ತಮ್ಮ ಬೀದಿಗೆ ತಿರುಗಿದ ಮೇಲಷ್ಟೇ ಅವಳ ಸಮಕ್ಕೆ ಬಂದು, "ಕಾಲ್ ನೋಯ್ತವಾ ತಾಯಿ?" ಎಂದು ಕೇಳಿದ.

ಅವಳು ಬೀದಿಯಲ್ಲೇ ಅಳಲು ಶುರು ಮಾಡಿದಳು.

"ಅಳ್ಬ್ಯಾಡ. ನಿನ್ ಬಟ್ಟೆ ಆಳ್ ಮಾಡ್ದೋನು ನಾನು. ಇಂಗ್ಲೆಂಡಿನ ಉಣ್ಣೆ ಗಂಜಿ ತಡ್ಯಾಕಿಲ್ಲ ಅಂತ ನಂಗೆಂಗೆ ಗೊತ್ತಾದೀತು?"

ಮನೆಯಲ್ಲಿ ಮಗ ಕೇಳಿದ, "ಎಂಗಾಯ್ತಪ್ಪ?"

"ಬೋ ಚಂದಾಗಾಯ್ತು. ಒಬ್ಬಟ್ಟು ಇಕ್ಕುದ್ರು," ಎಂದು ಮುದುಕ ಕಾಲು ಚಾಚಿದ.

ಆಮೇಲಿನ ಎರಡು ವಾರ ಗಂಗರತ್ನಮ್ಮನ ಮನೆಯಲ್ಲಿ ಸಾರು ಒಂದು ದಿನವೂ ಸೀಯಲಿಲ್ಲ. ಕಡ್ಡಿಗಳು ಗೂಡಿನಲ್ಲಿ ಬಿದ್ದಿದ್ದವು. ಮಾವನ ಮುದ್ದೆಗೆ ತುಪ್ಪ ಹಾಕುತ್ತಿದ್ದಳು, ಮಂಡಿಗೆ ಎಣ್ಣೆ ಬಿಸಿ ಮಾಡಿ ಕೊಡುತ್ತಿದ್ದಳು. ಕ್ಷಮಿಸಿ ಎಂದು ಹೇಳಲು ದಿನವೂ ಜಗಲಿಗೆ ಬರುತ್ತಿದ್ದಳು. ಬಂದವಳು, "ನೀರು ಬೇಕಾ ಮಾವ?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಮಂಗಳವಾರ ಬಂತು, ಹೋಯಿತು.

"ಯಾಕೆ, ಎಣಿಗೆ ಬುಟ್ಬುಟ್ಯಾ?" ಎಂದ ಗಂಡ.

"ಬೇಜಾರು."

"ಮೂರ್ ಒತ್ತೂ ಅದೇ ಧ್ಯಾನ ಇತ್ತು. ಈಗ ಅಪ್ಪಂಗೆ ತುಪ್ಪ ಸುರೀತಾ ಇದೀಯ. ಏನ್ ನಡೀತು ಅಲ್ಲಿ?"

"ಏನೂ ಇಲ್ಲ ಅಂದ್ನಲ್ಲ! ಉಣ್ಣಿ ಸುಮ್ಕೆ," ಎಂದು ಅವಳು ಸಿಡುಕಿದಳು. ಗಂಡನಿಗೆ ಗೊತ್ತಾದರೆ ಈ ಮನೆಯಲ್ಲಿ ತನ್ನ ಮುಖ ಎಲ್ಲಿಡುವುದು ಎಂಬ ಒಂದೇ ಭಯ ಅವಳನ್ನು ತಿನ್ನುತ್ತಿತ್ತು. ಮಾವ ಹೇಳುವುದಿಲ್ಲ ಎಂಬ ಧೈರ್ಯವೂ ಇತ್ತು. ಆ ಧೈರ್ಯಕ್ಕೇ ಹೆಚ್ಚು ನಾಚಿಕೆಯಾಗುತ್ತಿತ್ತು.

ಮೂರನೆಯ ಭಾನುವಾರ ರಾಮಚಂದ್ರಪ್ಪ ಮನೆಯಲ್ಲಿದ್ದ. ಬಚ್ಚಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಗಂಗರತ್ನಮ್ಮ ಮುದ್ದೆ ಕಟ್ಟಿ ಇನ್ನೇನು ತಟ್ಟೆಗೆ ಹಾಕಬೇಕು, ಆಗ ಹೊರಗೆ ಎತ್ತಿನ ಗಾಡಿ ನಿಂತಿತು. ಅನಸೂಯಮ್ಮನ ತಮ್ಮ ಸೀನಪ್ಪ ಇಳಿದು ಬಂದ. ರಾಮಚಂದ್ರಪ್ಪ ಗಡಬಡಿಸಿ ಕೋಟು ಹಾಕಿಕೊಂಡು ಚಾಪೆ ಹಾಸಿದ.

"ಕೂರೋಕೆ ಹೊತ್ತಿಲ್ಲ ಸ್ವಾಮಿ," ಎಂದ ಸೀನಪ್ಪ. "ಒಂದು ಉಪಕಾರ ಕೇಳೋಕೆ ಬಂದೆ. ನಿಮ್ಮ ಆಳನ್ನ ನಮಗೆ ಬಿಟ್ಟುಕೊಡಬೇಕು. ನಾಮಕರಣದ ದಿನ ನಮ್ಮ ಕೊಟ್ಟಿಗೇಲಿ ಊಟಕ್ಕೆ ಕೂತೋನು, ಕುಂಟ್ತಾ ಇದ್ದ ಟಗರನ್ನ ಹಿಡ್ಕೊಂಡು ಗೊರಸು ಕೆತ್ತಿ ಸರಿ ಮಾಡಿ ಹೋದ. ಐವತ್ತು ಕುರಿ ಇವೆ, ನೋಡ್ಕೊಳ್ಳೋರಿಲ್ಲ. ಊಟ, ಬಟ್ಟೆ, ಸಂಬಳ ಎಲ್ಲಾ ಅಪ್ಪ ಕೊಡ್ತಾರೆ."

"ನಮ್ಮ ಆಳಾ? ನಮ್ಮಲ್ಲಿ ಆಳು ಯಾರಿದಾರೆ?"

"ಅದೋ, ಅಲ್ಲಿದಾನಲ್ಲ," ಎಂದು ಸೀನಪ್ಪ ಅಂಗಳದ ಕಡೆ ಕೈ ತೋರಿಸಿದ.

ಕೊಡಲಿ ನಿಂತಿತು. ರಾಮಚಂದ್ರಪ್ಪ ಆ ಕೈಯನ್ನೂ ಅಪ್ಪನನ್ನೂ ನೋಡಿದ. "ಅವರು ನಮ್ಮ ತಂದೆ," ಎಂದ.

ಸೀನಪ್ಪನ ಮುಖ ಕಪ್ಪಿಟ್ಟಿತು. "ಅಯ್ಯೋ... ಅಲ್ಲ, ಅವತ್ತು ನಿಮ್ಮ ಮನೆಯವರೇ..."

"ನಾನೇ ಅಂದಿದ್ದು ಕಣಪ್ಪಾ," ಎಂದು ಬಚ್ಚಪ್ಪ ಕೊಡಲಿ ಊರಿಕೊಂಡು ಅವಸರವಸರವಾಗಿ ಬಂದ. "ತಮಾಸೆಗೆ ಅಂದೆ. ಅಷ್ಟೂ ಜನ ಎಂಗುಸ್ರು, ನಾನೊಬ್ಬ ಮುದ್ಕ. ಆಳು ಅಂದ್ರೆ ಕೊಟ್ಟಿಗೇಲಿ ಕುರಿ ಪಕ್ಕ ಕುಂತ್ಕಬೌದು ಅಂತ. ಇವ್ಳಿಗೇನೂ ಗೊತ್ತಿಲ್ಲ."

ಸೀನಪ್ಪ ತಲೆ ತಗ್ಗಿಸಿ ನಿಂತ. ಅವನಿಗೆ ನಿಜ ಗೊತ್ತಿತ್ತು, ಆದರೂ ಮುದುಕನ ಮಾತನ್ನೇ ನಂಬಿದವನ ಹಾಗೆ ಕೈಮುಗಿದ. ಅಡುಗೆಮನೆಯ ಬಾಗಿಲ ಹಿಂದೆ ಗಂಗರತ್ನಮ್ಮ ಮುದ್ದೆಯ ಕೋಲು ಹಿಡಿದು ನಿಂತಿದ್ದಳು. ಬಚಾವಾಗಿದ್ದಳು. ಇನ್ನು ಸುಮ್ಮನಿದ್ದರೆ ಸಾಕಿತ್ತು. ಗಾಡಿ ಹೋಗುತ್ತಿತ್ತು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಹೊರಗೆ ಬಂದಳು.

"ಮಾವ ಅಂದಿದ್ದಲ್ಲ. ನಾನು ಅಂದಿದ್ದು," ಎಂದಳು. "ಆಳು ಅಂದೆ. ಬುದ್ಧಿ ಕಮ್ಮಿ ಅಂದೆ. ಎಲ್ರ ಮುಂದೆ ಅಂದೆ. ಸೀನಪ್ಪನೋರೇ, ನಿಮ್ಮಕ್ಕಂಗೆ ಹೇಳಿ. ಅವರು ನಮ್ಮ ಮಾವ. ಕುರಿ ಕಾಯ್ದು ನನ್ನ ಗಂಡನ್ನ ಓದಿಸಿದೋರು."

ಸೀನಪ್ಪ ಏನೋ ತೊದಲಿ ಗಾಡಿ ಹತ್ತಿದ. ಗಾಡಿ ಬೀದಿ ತಿರುಗಿದ ಮೇಲೆ ರಾಮಚಂದ್ರಪ್ಪ ಹೆಂಡತಿಯ ರೆಟ್ಟೆ ಹಿಡಿದ.

"ನಮ್ಮಪ್ಪನ್ನ ಆಳು ಅಂದ್ಯಾ? ಯಾವ ಬಾಯಲ್ಲಿ ಅಂದೆ? ಆ ಎಂಗುಸ್ರ ಮುಂದೆ ಮೆರೆಯಕ್ಕೆ ನಮ್ಮಪ್ಪನ್ನ..." ಅವನ ಕೈ ಮೇಲೆದ್ದಿತು. ಗಂಗರತ್ನಮ್ಮ ತಪ್ಪಿಸಿಕೊಳ್ಳಲಿಲ್ಲ. ಬೀಳಲಿ ಎಂದೇ ನಿಂತಳು.

"ಬುಡ್ಲಾ ಅವ್ಳ್ನ."

ಮುದುಕ ಎಂದೂ ಆ ದನಿಯಲ್ಲಿ ಮಾತಾಡಿದವನಲ್ಲ. ಮಗ ತಿರುಗಿ ನೋಡಿದ.

"ಕೈ ಇಳ್ಸು. ನಾನು ಈ ಊರ್ಗೆ ಬಂದ ಒಸದ್ರಲ್ಲಿ ನಿಂಗೆ ರೊಟ್ಟಿ ಕಟ್ಕಂಡು ಉಗ್ರಾಣದ ಗೇಟಿಗೆ ಬಂದಿದ್ದೆ. ಯಾರು ಅಂತ ದೊರೆ ಕೇಳ್ದ. ನೀನೇನಂದೆ? ಊರಿಂದ ಕೂಲಿ ಕೇಳ್ಕಂಡ್ ಬಂದವ್ನೆ ಅಂದೆ. ನೀನು ಇಂಗ್ಲೀಸ್ನಾಗೆ ಅಂದ್ರೂ ಕೂಲಿ ಅನ್ನೋದು ನಂಗೆ ತಿಳೀತು ಕಣ್ಲಾ. ರೊಟ್ಟೀನ ಜವಾನನ ಕೈಗೆ ಕೊಟ್ಟು ಬಂದೆ. ಅವತ್ತಿಂದ ಯಾರ್ಗೂ ಯೋಳಿಲ್ಲ, ಇವ್ಳಿಗೂ ಯೋಳಿಲ್ಲ." ಅವನು ಉಸಿರೆಳೆದುಕೊಂಡ. "ಇವ್ಳು ಮೂರು ವಾರುಕ್ಕೆ ಒಪ್ಕಂಡ್ಲು. ನಿಂಗೆ ಎಲ್ಡು ವರ್ಸ ಆಯ್ತು."

ರಾಮಚಂದ್ರಪ್ಪನ ಕೈ ತಾನಾಗಿ ಇಳಿಯಿತು. ಅವನು ಮೈಮೇಲಿದ್ದ ಕೋಟನ್ನು ಬಿಚ್ಚಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಗುಂಡಿ ಮುಟ್ಟಿಕೊಂಡು ನಿಂತ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಚ್ಚಪ್ಪ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು ಗೋಡೆಗೊರಗಿ ಕೂತ.

"ಮುದ್ದೆ ಆರೋಗ್ತದೆ. ಇಕ್ಕಮ್ಮ," ಎಂದ. "ನೀನೂ ಕುಂತ್ಕಳ್ಳಲಾ."

ಗಂಗರತ್ನಮ್ಮ ಮೂರು ತಟ್ಟೆಗೂ ಬಡಿಸಿದಳು. ಮಗ ಮುದ್ದೆ ಮುರಿದು ಮುರಿದು ತಟ್ಟೆಯಲ್ಲೇ ಇಟ್ಟ. ಅವಳು ತನ್ನ ತಟ್ಟೆಯ ಸಾರಿನಲ್ಲಿ ಬೆರಳಾಡಿಸುತ್ತ ಕೂತಳು. ಮುದುಕ ಮಾತ್ರ ತಲೆ ತಗ್ಗಿಸಿ ಎರಡು ಮುದ್ದೆ ಉಂಡ, ಸಾರು ಚೆನ್ನಾಗಿದೆಯೆಂದು ಇನ್ನೊಂದು ಸೌಟು ಹಾಕಿಸಿಕೊಂಡ. ಆ ದಿನ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡವನು ಅವನೊಬ್ಬನೇ.